ಪಾದುವಾದ ಶವಪರೀಕ್ಷೆಯ ಮೇಜು ಮತ್ತು ಆಟಗಾರರ ಹೃದಯ

1977ರ ಅಕ್ಟೋಬರ್ 30ರಂದು ಇಟಲಿಯ ಪೆರುಜಾದಲ್ಲಿ ಯುವೆಂಟಸ್ ತಂಡದ ಎದುರು ಆಡುತ್ತಿದ್ದ ಫುಟ್‌ಬಾಲ್ ಆಟಗಾರ ರೆನಾತೊ ಕೂರಿ, ದ್ವಿತೀಯಾರ್ಧ ಶುರುವಾದ ಕೆಲವೇ ನಿಮಿಷಗಳಲ್ಲಿ ಮೈದಾನದಲ್ಲಿ ಕುಸಿದುಬಿದ್ದು ತೀರಿಕೊಂಡ. ವಯಸ್ಸು 24. ಊರಿನವರು ಆ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟರು. ಕಟ್ಟುಮಸ್ತಾದ ಹುಡುಗ, ಗಂಟೆಗಟ್ಟಲೆ ಓಡಬಲ್ಲವನು, ನಿಂತ ನಿಲುವಿನಲ್ಲೇ ಹೋಗಿಬಿಟ್ಟ ಎಂಬ ಸುದ್ದಿ ಯಾವ ದೇಶಕ್ಕೂ ಹೊಸದಲ್ಲ. ಅದನ್ನು ಹಣೆಬರಹವೆಂದು ಬಿಡದೆ, ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬರ ಹೃದಯವನ್ನೂ ಮೊದಲೇ ಪರೀಕ್ಷಿಸಬೇಕೆಂದು ಕಾನೂನು ಮಾಡಿ, ನಾಲ್ಕು ದಶಕಗಳಿಂದ ನಡೆಸಿಕೊಂಡು ಬಂದ ದೇಶ ಇಟಲಿ. ಈ ಪದ್ಧತಿಯ ಯಶಸ್ಸನ್ನು ಸಾಮಾನ್ಯವಾಗಿ ಇಸಿಜಿ ಯಂತ್ರದ ಖಾತೆಗೆ ಜಮಾ ಮಾಡುತ್ತಾರೆ. ಅದರ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ನನಗೆ ಕಾಣುವುದು ಬೇರೆ. ಯಂತ್ರ ಬರುವ ಎಷ್ಟೋ ಮೊದಲು ಅಲ್ಲಿ ಶವಪರೀಕ್ಷೆಯ ಮೇಜಿತ್ತು. ಸತ್ತವರ ಹೃದಯವನ್ನು ತೆರೆದು ನೋಡಿ, ಕಂಡದ್ದನ್ನು ಬರೆದಿಡುವ ರೂಢಿಯಿತ್ತು. ಆ ರೂಢಿಯಿಲ್ಲದ ಕಡೆ ಯಂತ್ರವೊಂದನ್ನೇ ತಂದಿಟ್ಟರೆ, ಅದರಿಂದ ಜೀವ ಉಳಿಯಿತೋ ಇಲ್ಲವೋ ಎಂಬುದು ಕೂಡ ಗೊತ್ತಾಗುವುದಿಲ್ಲ.

ಈ ರೂಢಿಗೆ ಮುನ್ನೂರು ವರ್ಷ ದಾಟಿದೆ. 1705-06ರಲ್ಲಿ ರೋಮ್ ನಗರದಲ್ಲಿ ಚೆನ್ನಾಗಿಯೇ ಇದ್ದವರು ಒಬ್ಬರ ಹಿಂದೊಬ್ಬರು ಹಠಾತ್ತಾಗಿ ಸಾಯತೊಡಗಿದಾಗ ಜನ ಕಂಗಾಲಾದರು. ಪೋಪ್ ಹನ್ನೊಂದನೆಯ ಕ್ಲೆಮೆಂಟ್ ತಮ್ಮ ವೈದ್ಯ ಜೊವಾನ್ನಿ ಮರಿಯಾ ಲಾಂಚೀಸಿಗೆ ಕಾರಣ ಹುಡುಕಲು ಆಜ್ಞಾಪಿಸಿದರು. ಲಾಂಚೀಸಿ ದೇಹಗಳನ್ನು ಕೊಯ್ದು ನೋಡಿ, 1707ರಲ್ಲಿ ಹಠಾತ್ ಸಾವುಗಳ ಬಗ್ಗೆಯೇ ಒಂದು ಲ್ಯಾಟಿನ್ ಗ್ರಂಥ ಪ್ರಕಟಿಸಿದ. ದೇಹದೊಳಗೆ ಮೊದಲೇ ಮನೆ ಮಾಡಿದ್ದ ರೋಗಗಳು, ಅದರಲ್ಲೂ ಹೃದಯದ ಮತ್ತು ಮಿದುಳಿನ ರೋಗಗಳು, ಈ ಸಾವುಗಳಿಗೆ ಕಾರಣವೆಂದು ತೋರಿಸಿದ. ಅವನು ತೀರಿಕೊಂಡ ಮೇಲೆ 1728ರಲ್ಲಿ ಹೊರಬಂದ ಇನ್ನೊಂದು ಗ್ರಂಥದಲ್ಲಿ ಒಂದೇ ಮನೆತನದ ನಾಲ್ಕು ತಲೆಮಾರುಗಳಲ್ಲಿ ಎದೆಬಡಿತದ ಏರುಪೇರು, ಹಿಗ್ಗಿದ ಹೃದಯ, ಹಠಾತ್ ಸಾವು ಕಾಣಿಸಿಕೊಂಡ ವಿವರವಿದೆ. ವಂಶವಾಹಿ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ಒಬ್ಬ ವೈದ್ಯ ಅಜ್ಜ, ಅಪ್ಪ, ಮಗ, ಮೊಮ್ಮಗನ ಸಾವುಗಳನ್ನು ಒಂದೇ ದಾರದಲ್ಲಿ ಪೋಣಿಸಿ ನೋಡಿದ್ದು ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ಘಟನೆ.

ಇದೇ ಕೆಲಸ ಉತ್ತರ ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ವ್ರತದಂತೆ ನಡೆಯಿತು. ಅಲ್ಲಿಯ ಅಂಗರಚನಾ ರಂಗಮಂದಿರ 1595ರದ್ದು: ಬಾವಿಯಂತೆ ಆಳವಾದ ಅಂಡಾಕಾರದ ಕೋಣೆ, ಸುತ್ತ ಆರು ಅಂತಸ್ತಿನ ಕಟಕಟೆ, ತಳದಲ್ಲಿ ಶವದ ಮೇಜು. ಅದೇ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪಾಠ ಹೇಳಿದ ಮೊರ್ಗಾನಿ, 1761ರಲ್ಲಿ, ತನ್ನ 79ನೆಯ ವಯಸ್ಸಿನಲ್ಲಿ, ಸುಮಾರು 700 ಶವಪರೀಕ್ಷೆಗಳ ಗ್ರಂಥ ಹೊರತಂದ. ಬದುಕಿದ್ದಾಗ ರೋಗಿಗೆ ಏನಾಗುತ್ತಿತ್ತು, ಸತ್ತ ಮೇಲೆ ಒಳಗೆ ಏನು ಕಂಡಿತು ಎಂಬ ಎರಡನ್ನೂ ಅಕ್ಕಪಕ್ಕ ಇಡುವುದೇ ಅವನ ಕ್ರಮ. ಎರಡು ಶತಮಾನದ ನಂತರ ಅಲ್ಲಿಯೇ ರೋಗಶಾಸ್ತ್ರಜ್ಞರಾಗಿದ್ದ ಗಾಯೆಟಾನೊ ತಿಯೆನೆ ಮತ್ತು ಸಂಗಡಿಗರು ಮಾಡಿದ್ದೂ ಅದನ್ನೇ. 1979ರಿಂದ 1986ರವರೆಗೆ, ಪಾದುವಾ ಇರುವ ವೆನೆಟೊ ಪ್ರಾಂತ್ಯದಲ್ಲಿ ಹಠಾತ್ತಾಗಿ ಸತ್ತ, 35 ವರ್ಷದೊಳಗಿನ 60 ಮಂದಿಯ ಹೃದಯಗಳನ್ನು ಅವರು ಪರಿಶೀಲಿಸಿದರು. 12 ಹೃದಯಗಳಲ್ಲಿ, ಅಂದರೆ ಐದರಲ್ಲೊಂದರಲ್ಲಿ, ಬಲಗಡೆಯ ಕೆಳಕೋಣೆಯ ಗೋಡೆ ಗೆದ್ದಲು ತಿಂದ ತೊಲೆಯಂತಾಗಿತ್ತು: ಹೊರಗೆ ಆಕಾರ ಇದ್ದಂತೆಯೇ ಇದೆ, ಒಳಗೆ ಸ್ನಾಯು ಸವೆದು ಆ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಂಡಿದೆ. ಮಿಡಿತದ ವಿದ್ಯುತ್ತು ಇಂಥ ಗೋಡೆಯಲ್ಲಿ ದಾರಿ ತಪ್ಪುತ್ತದೆ. ಓಟದ ಬಿರುಸಿನಲ್ಲಿ ಹೃದಯ ಲಯ ಕಳೆದುಕೊಂಡು ಬರಿದೇ ಅದುರತೊಡಗುತ್ತದೆ. ರಕ್ತ ಮಿದುಳಿಗೆ ಹೋಗುವುದು ನಿಲ್ಲುತ್ತದೆ. ಸತ್ತವರಲ್ಲಿ ಕೆಲವರ ಹಳೆಯ ಇಸಿಜಿ ಹಾಳೆಗಳೂ ಸಿಕ್ಕಿದವು. ಎದೆಯ ಬಲಭಾಗದ ತಂತಿಗಳು ಬರೆದ ಗೆರೆಯಲ್ಲಿ, ಮೇಲೇಳಬೇಕಾದ ಒಂದು ಅಲೆ ಕೆಳಮುಖವಾಗಿತ್ತು. 1988ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆ ತಲೆಕೆಳಗಾದ ಅಲೆಯ ಅರ್ಥವನ್ನು ವೈದ್ಯರಿಗೆ ಹೇಳಿಕೊಟ್ಟವರು ಸತ್ತವರು. ಅವರನ್ನು ನೋಡದೆ ಹೋಗಿದ್ದರೆ ಆ ಹಾಳೆ ಕಪಾಟಿನಲ್ಲಿ ಕೊಳೆಯುತ್ತಿತ್ತು.

ಕಾನೂನು ಇದರ ಜೊತೆಜೊತೆಗೇ ಬೆಳೆಯಿತು. 1971ರ ಶಾಸನ ಆಟಗಾರರ ಆರೋಗ್ಯರಕ್ಷಣೆಯನ್ನು ಸರ್ಕಾರದ ಹೊಣೆಯಾಗಿಸಿತು. 1982ರ ಫೆಬ್ರವರಿಯ ಆದೇಶ ಪರೀಕ್ಷೆಯ ವಿವರಗಳನ್ನು ಗೊತ್ತುಮಾಡಿತು. ಹಳ್ಳಿಯ ಕ್ಲಬ್ಬಿನ ಹುಡುಗನೂ ಸ್ಪರ್ಧೆಗೆ ಇಳಿಯಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕ್ರೀಡಾವೈದ್ಯರ ಮುಂದೆ ಹೋಗಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದಾರೆಯೇ, ಓಡುವಾಗ ಎಂದಾದರೂ ಜ್ಞಾನ ತಪ್ಪಿದ್ದುಂಟೇ ಎಂದು ಕೇಳುತ್ತಾರೆ. ಮಲಗಿಸಿ ಇಸಿಜಿ ತೆಗೆಯುತ್ತಾರೆ. ಮೂರು ನಿಮಿಷ ಒಂದು ಮೆಟ್ಟಿಲು ಹತ್ತಿಸಿ ಇಳಿಸಿ ಮತ್ತೆ ನೋಡುತ್ತಾರೆ. ಸಂಶಯ ಬಂದರೆ ಮುಂದಿನ ಪರೀಕ್ಷೆ. ಪ್ರಮಾಣಪತ್ರವಿಲ್ಲದೆ ಸ್ಪರ್ಧೆಯಿಲ್ಲ.

ಫಲಿತಾಂಶವನ್ನು ಅದೇ ಪಾದುವಾದ ದೊಮೆನಿಕೊ ಕೊರ್ರಾದೊ ಮತ್ತು ಸಂಗಡಿಗರು 2006ರಲ್ಲಿ ಮುಂದಿಟ್ಟರು. ವೆನೆಟೊದಲ್ಲಿ 12ರಿಂದ 35 ವರ್ಷದ ಆಟಗಾರರ ಹಠಾತ್ ಹೃದಯ ಸಾವು 1979-80ರಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 2003-04ರ ಹೊತ್ತಿಗೆ 0.4ಕ್ಕೆ ಇಳಿದಿತ್ತು. ಇದಕ್ಕಿಂತ ಹೆಚ್ಚು ಮಾತಾಡುವ ಸಾಕ್ಷ್ಯ 1998ರ ಅವರ ವರದಿಯಲ್ಲಿದೆ. ಅಮೆರಿಕದಲ್ಲಿ ಆಟಗಾರರನ್ನು ಎಲ್ಲಕ್ಕಿಂತ ಹೆಚ್ಚು ಬಲಿ ತೆಗೆದುಕೊಳ್ಳುತ್ತಿದ್ದದ್ದು ಹೃದಯ ಸ್ನಾಯು ವಿಪರೀತ ದಪ್ಪಗಾಗುವ ಕಾಯಿಲೆ. ವೆನೆಟೊದಲ್ಲಿ 1979ರಿಂದ 1996ರವರೆಗೆ ಸತ್ತ 49 ಆಟಗಾರರಲ್ಲಿ ಆ ಕಾಯಿಲೆಯಿದ್ದವನು ಒಬ್ಬನೇ. ಆದರೆ ಅದೇ ಪ್ರಾಂತ್ಯದಲ್ಲಿ, ಆಟವಾಡದ ಯುವಜನರ 220 ಸಾವುಗಳಲ್ಲಿ 16 ಅದರಿಂದಲೇ ಆಗಿದ್ದವು. ಕಾಯಿಲೆ ಊರಿನಲ್ಲಿತ್ತು, ಮೈದಾನದಲ್ಲಿರಲಿಲ್ಲ. ಅಂಥವರನ್ನು ಇಸಿಜಿ ಮೊದಲೇ ಗುರುತಿಸಿ ಸ್ಪರ್ಧೆಯಿಂದ ಹೊರಗಿಟ್ಟಿತ್ತು. ಆಟವಾಡದವರ ಶವಗಳನ್ನೂ ಅಷ್ಟೇ ಶ್ರದ್ಧೆಯಿಂದ ತೆರೆದು ನೋಡಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು.

ಇದನ್ನು ಒಪ್ಪದವರು ಹಗುರ ಜನರಲ್ಲ. ಇಸ್ರೇಲ್ 1997ರಲ್ಲಿ ಇಂಥದೇ ಕಾನೂನು ತಂದಿತು; 2011ರಲ್ಲಿ ಅಲ್ಲಿಯ ಸಂಶೋಧಕರು ಹಿಂದಿನ ಮತ್ತು ಮುಂದಿನ ಒಂದೊಂದು ದಶಕ ಹೋಲಿಸಿದಾಗ ಸಾವಿನ ಪ್ರಮಾಣ ಲಕ್ಷಕ್ಕೆ 2.54 ಇದ್ದದ್ದು 2.66 ಆಗಿತ್ತು, ಇಳಿದಿರಲೇ ಇಲ್ಲ. ಕಾನೂನಿನ ಹಿಂದಿನ ಎರಡು ವರ್ಷವನ್ನಷ್ಟೇ ತೆಗೆದುಕೊಂಡಿದ್ದರೆ ನಮಗೂ ಭಾರೀ ಇಳಿಕೆ ಕಾಣುತ್ತಿತ್ತು ಎಂದು ಅವರು ತೋರಿಸಿದರು. ಇಟಲಿಯವರು ಹೋಲಿಕೆಗಿಟ್ಟ ಆರಂಭದ ವರ್ಷಗಳು ತೀರ ಕಡಿಮೆ, ಆಗ ಸಾವು ಆಕಸ್ಮಿಕವಾಗಿ ಹೆಚ್ಚಿದ್ದಿರಬಹುದು ಎಂಬ ಈ ಆಕ್ಷೇಪ ನ್ಯಾಯವಾದದ್ದು. 3.6ರಿಂದ 0.4ಕ್ಕೆ, ಅಂದರೆ ಶೇಕಡಾ 89ರಷ್ಟು, ಇಳಿಕೆಯೆಂಬುದನ್ನು ಅಕ್ಷರಶಃ ನಂಬುವುದು ನನಗೂ ಕಷ್ಟ. ಆದರೆ ಇಸ್ರೇಲಿನ ಸಂಶೋಧಕರು ಸಾವುಗಳನ್ನು ಎಣಿಸಿದ್ದು ದಿನಪತ್ರಿಕೆಗಳ ಹಳೆಯ ಸಂಚಿಕೆಗಳಿಂದ. ಪತ್ರಿಕೆಗೆ ಬಾರದ ಸಾವು ಲೆಕ್ಕಕ್ಕೆ ಬರಲಿಲ್ಲ. ಬಂದ ಸಾವಿನಲ್ಲೂ ಹೃದಯದೊಳಗೆ ಏನಿತ್ತೆಂದು ಪತ್ರಿಕೆ ಹೇಳುವುದಿಲ್ಲ. ಪರೀಕ್ಷೆ ಅಲ್ಲಿ ಸೋತಿರಲೂಬಹುದು, ಗೆದ್ದಿರಲೂಬಹುದು. ತೀರ್ಪು ಹೇಳುವ ದಾಖಲೆಯೇ ಅಲ್ಲಿರಲಿಲ್ಲ. ವೆನೆಟೊದಲ್ಲಿ ಆಟವಾಡದವರ ಸಾವಿನ ಪ್ರಮಾಣ ಆ 25 ವರ್ಷಗಳಲ್ಲಿ ಗಮನಾರ್ಹವಾಗಿ ಬದಲಾಗಲಿಲ್ಲವೆಂಬುದನ್ನೂ ಮರೆಯಬಾರದು. ಚಿಕಿತ್ಸೆ ಸುಧಾರಿಸಿದ್ದಷ್ಟೇ ಕಾರಣವಾಗಿದ್ದರೆ ಅವರೂ ಉಳಿಯಬೇಕಿತ್ತು.

ಇನ್ನೊಂದು ಆಕ್ಷೇಪ ಮನಸ್ಸಿಗೆ ಹೆಚ್ಚು ತಾಗುವಂಥದ್ದು. ಪಾದುವಾ ಕೇಂದ್ರ 2004ರವರೆಗೆ ಪರೀಕ್ಷಿಸಿದ 42,386 ಮಂದಿಯಲ್ಲಿ 879 ಮಂದಿಗೆ ಆಟ ನಿಷಿದ್ಧವಾಯಿತು. ಅವರೆಲ್ಲರೂ ಸಾಯುತ್ತಿರಲಿಲ್ಲ, ಬಹುಪಾಲು ಜನ ಸುಖವಾಗಿ ಆಡಿಕೊಂಡಿರುತ್ತಿದ್ದರು. ಹದಿನೇಳರ ಹುಡುಗಿಗೆ ಇನ್ನು ಓಡಬೇಡ ಎನ್ನುವುದು ಅವಳ ಬದುಕಿನ ಒಂದು ಭಾಗವನ್ನೇ ಕಿತ್ತುಕೊಂಡಂತೆ. ಅಷ್ಟು ಮಾಡಿಯೂ ಪರೀಕ್ಷೆ ಎಲ್ಲರನ್ನೂ ಹಿಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ 11,168 ಹದಿಹರೆಯದ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದ ಮೇಲೂ 8 ಮಂದಿ ಹೃದಯದ ತೊಂದರೆಯಿಂದ ಸತ್ತರು. ಅವರಲ್ಲಿ 6 ಮಂದಿಯ ಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲ. 2012ರಲ್ಲಿ ಪೆಸ್ಕಾರಾದ ಮೈದಾನದಲ್ಲಿ ಕುಸಿದು ಸತ್ತ ಫುಟ್‌ಬಾಲ್ ಆಟಗಾರ ಪಿಯೆರ್‌ಮಾರಿಯೊ ಮೊರೊಸಿನಿ ಇಟಲಿಯ ಪದ್ಧತಿಯಲ್ಲೇ ಪಾಸಾದವನು. ಇಷ್ಟನ್ನೂ ಒಪ್ಪಿಕೊಂಡೇ ನಾನು ಈ ಪದ್ಧತಿಯ ಪರ ನಿಲ್ಲುತ್ತೇನೆ. ಮೊರೊಸಿನಿಯ ಸಾವನ್ನೂ ಇಟಲಿ ಹಾಗೇ ಬಿಡಲಿಲ್ಲ; ಶವಪರೀಕ್ಷೆ ತಿಯೆನೆ ಕಂಡ ಜಾತಿಯ ಹೃದಯ ಸ್ನಾಯು ರೋಗವನ್ನೇ ತೋರಿಸಿತು, ಮರುವರ್ಷ ಕ್ರೀಡಾ ಸಂಸ್ಥೆಗಳಲ್ಲಿ, ವಿದ್ಯುತ್ ಆಘಾತದಿಂದ ಹೃದಯದ ಲಯ ಮರಳಿಸುವ ಡಿಫಿಬ್ರಿಲೇಟರ್ ಇಡಬೇಕೆಂಬ ಆದೇಶ ಬಂತು. ತನ್ನ ಸೋಲುಗಳನ್ನು ತೆರೆದು ನೋಡುವ ವ್ಯವಸ್ಥೆಗೆ ತಿದ್ದಿಕೊಳ್ಳುವ ದಾರಿ ಇರುತ್ತದೆ.

ಈ ಚರಿತ್ರೆ ಕರ್ನಾಟಕಕ್ಕೆ ಸಂಬಂಧಪಡುವುದು ಇಲ್ಲಿಯೇ. 2025ರ ಬೇಸಿಗೆಯಲ್ಲಿ ಹಾಸನ ಜಿಲ್ಲೆಯ ಹಠಾತ್ ಹೃದಯ ಸಾವುಗಳು ಸುದ್ದಿಯಾದಾಗ ಮೂರು ಶತಮಾನ ಹಿಂದಿನ ರೋಮ್‌ನ ಗಾಬರಿಯೇ ಇಲ್ಲೂ ಹಬ್ಬಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯ ವರದಿ ಬಂದ ಮೇಲೆ, ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸಾಯುವ 45 ವರ್ಷದೊಳಗಿನವರ ಶವಪರೀಕ್ಷೆ ಕಡ್ಡಾಯ ಮಾಡುವುದಾಗಿ ರಾಜ್ಯ ಸರ್ಕಾರ ಜುಲೈನಲ್ಲಿ ಹೇಳಿತು. ನಮ್ಮಲ್ಲಿ ರಕ್ತನಾಳ ಕಟ್ಟಿಕೊಳ್ಳುವುದು, ಸಕ್ಕರೆ ಕಾಯಿಲೆ, ತಂಬಾಕು ಹೆಚ್ಚು ಮುಖ್ಯವಾದ ಕಾರಣಗಳು. ವೆನೆಟೊದ ಪಟ್ಟಿ ನಮಗೆ ಹಾಗೇ ಹೊಂದುವುದಿಲ್ಲ. ನಮ್ಮದೇ ವಂಶವಾಹಿಯ ಲೆಕ್ಕವೂ ಇದೆ: ಹೃದಯ ಸ್ನಾಯುವನ್ನು ದುರ್ಬಲಗೊಳಿಸುವ ಒಂದು ಲೋಪ ಭಾರತೀಯರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆ ಎಂದು 2009ರಲ್ಲಿ ತಿಳಿದುಬಂತು. ಹಾಗಾಗಿ ನಮ್ಮ ಹೃದಯಗಳನ್ನು ನಾವೇ ನೋಡಬೇಕು. ಮಗನನ್ನು ಕಳೆದುಕೊಂಡ ಮನೆಯವರಿಗೆ, ಮತ್ತೆ ಅವನ ದೇಹ ಕೊಯ್ಯುತ್ತೇವೆ ಎನ್ನುವ ಮಾತು ಎಷ್ಟು ಕ್ರೂರವಾಗಿ ಕೇಳಿಸುತ್ತದೆಂದು ಬಲ್ಲೆ. ಲಾಂಚೀಸಿ ಬರೆದ ಆ ಮನೆತನದ ಮಾತನ್ನು ಅವರಿಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಅದೇ ರೋಗ ಮನೆಯಲ್ಲಿ ಉಳಿದಿರುವ ತಮ್ಮನಲ್ಲೋ ತಂಗಿಯಲ್ಲೋ ಇರಬಹುದು. ರಾಜ್ಯ ಸರ್ಕಾರದ ಆ ನಿರ್ಧಾರದ ಬೆಲೆ ಗೊತ್ತಾಗುವುದು ಮುಂದಿನ ಪ್ರಶ್ನೆಗಳಲ್ಲಿ: ತಾಲ್ಲೂಕು ಆಸ್ಪತ್ರೆಯ ಶವಾಗಾರದಿಂದ ಹೃದಯ ಪರಿಣತ ರೋಗಶಾಸ್ತ್ರಜ್ಞರ ಸೂಕ್ಷ್ಮದರ್ಶಕದ ತನಕ ತಲುಪುತ್ತದೆಯೇ, ಕಂಡದ್ದು ಒಂದೇ ದಫ್ತರದಲ್ಲಿ ವರ್ಷದಿಂದ ವರ್ಷಕ್ಕೆ ದಾಖಲಾಗುತ್ತದೆಯೇ, ಮತ್ತು ಸತ್ತವನ ಒಡಹುಟ್ಟಿದವರನ್ನು ಯಾರಾದರೂ ಇಸಿಜಿಗೆ ಕರೆಯುತ್ತಾರೆಯೇ?