ಸೂರಿನಿಂದ ತೂಗಿದ ಗಾಡಿಚಕ್ರ

ಆಗಮನ ಕಾಲ ಬಂತೆಂದರೆ ಬಲಿಪೀಠದ ಪಕ್ಕ ಹಸಿರು ಮಾಲೆ ಇಟ್ಟು ನಾಲ್ಕು ಮೇಣದಬತ್ತಿ ನಿಲ್ಲಿಸುತ್ತೇವೆ. ಈ ಪದ್ಧತಿ ಧರ್ಮಸಭೆಯಷ್ಟೇ ಹಳೆಯದೆಂದು ನಮ್ಮಲ್ಲಿ ಹಲವರ ನಂಬಿಕೆ. ನಿಜವೆಂದರೆ ಅದಕ್ಕಿನ್ನೂ ಇನ್ನೂರು ವರ್ಷ ತುಂಬಿಲ್ಲ, ಹುಟ್ಟಿದ್ದು ಲುಥೆರನ್ ಸಹೋದರರ ನಡುವೆ. ಮೊದಲ ಮಾಲೆ ಮೇಜಿನ ಮೇಲೆ ಕೂತಿರಲೂ ಇಲ್ಲ, ಸೂರಿನಿಂದ ತೂಗುತ್ತಿತ್ತು.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಯುವ ದೇವಶಾಸ್ತ್ರಜ್ಞರು ಭಾನುವಾರದ ಶಾಲೆಯಲ್ಲಿ ಕಲಿಸುತ್ತಾ ಬಡವರ ಮನೆಗಳನ್ನು ಕಂಡರು. 1833ರಲ್ಲಿ ಊರಾಚೆ 'ರೌಹೆಸ್ ಹೌಸ್' ಎಂಬ ಆಶ್ರಯಧಾಮ ತೆರೆದು, ದಿಕ್ಕಿಲ್ಲದ ಮಕ್ಕಳನ್ನು ಒಂದೊಂದು ಕುಟುಂಬದ ಹಾಗೆ ಗುಂಪು ಮಾಡಿ ಸಾಕಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ನಮ್ಮ ಯುವಬಳಗದ ಹಲವರ ವಯಸ್ಸು!

ಕ್ರಿಸ್ಮಸ್‌ಗೆ ಎಷ್ಟು ದಿನ ಉಳಿಯಿತೆಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ವಿಖರ್ನ್ ಗಾಡಿಚಕ್ರವೊಂದನ್ನು ಪ್ರಾರ್ಥನಾ ಕೊಠಡಿಯಲ್ಲಿ ತೂಗುಹಾಕಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಇಪ್ಪತ್ತು ಸಣ್ಣ ಕೆಂಪು ಬತ್ತಿ ನಿಲ್ಲಿಸಿದರು. ಆ ವರ್ಷ ಡಿಸೆಂಬರ್ 1 ಭಾನುವಾರವೇ ಆಗಿತ್ತು, ಲೆಕ್ಕ ಸರಿಹೋಯಿತು. ದಿನಕ್ಕೊಂದು ಬತ್ತಿ ಹೆಚ್ಚುತ್ತಾ ಹೋದಂತೆ, ಎಣಿಸಲು ಬಾರದ ಮಗುವಿಗೂ ಹಬ್ಬ ಹತ್ತಿರವಾದದ್ದು ಕಣ್ಣಿಗೇ ಕಾಣುತ್ತಿತ್ತು.

ಹಸಿರು ಬಂದದ್ದು ಆಮೇಲೆ, ಸುಮಾರು 1860ರಲ್ಲಿ ಚಕ್ರಕ್ಕೆ ಫರ್ ಮರದ ಕೊಂಬೆ ಸುತ್ತಿದಾಗ. ಅಷ್ಟು ದೊಡ್ಡ ಚಕ್ರ ಮನೆಗಳಲ್ಲಿ ಹಿಡಿಸದು. ಹಾಗಾಗಿ ನಾಲ್ಕೇ ಬತ್ತಿಯ ಚಿಕ್ಕ ಮಾಲೆ ಚಾಲ್ತಿಗೆ ಬಂತು. ಕಥೋಲಿಕ ದೇವಾಲಯಗಳಿಗೆ ಅದು ಕಾಲಿಟ್ಟದ್ದು 1920ರ ದಶಕದಲ್ಲಿ. ನಮ್ಮ ಕರಾವಳಿಗೆ ಜರ್ಮನ್ ಮಾತಾಡುವ ಬಾಸೆಲ್ ಮಿಷನ್‌ನವರು ಬಂದದ್ದು 1834ರಲ್ಲಿ, ಅಂದರೆ ಈ ಚಕ್ರಕ್ಕೂ ಐದು ವರ್ಷ ಮೊದಲೇ.

ಹಬ್ಬಕ್ಕೆ ಹಸಿರು ಕಟ್ಟುವುದು ಮಾತ್ರ ಬಹಳ ಹಳೆಯದು. ಪರ್ಣಕುಟೀರಗಳ ಹಬ್ಬಕ್ಕೆ ಬೆಟ್ಟದಿಂದ ಆಲಿವ್, ಖರ್ಜೂರದ ಕೊಂಬೆ ತಂದದ್ದನ್ನು ನೆಹೆಮೀಯನ ಗ್ರಂಥದಲ್ಲಿ ಓದುತ್ತೇವೆ. 601ರಲ್ಲಿ ಸಂತ ಗ್ರೆಗೊರಿ ಪೋಪರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್‌ಗೆ ಕಾಗದ ಬರೆದು, ಹೊಸ ಕ್ರೈಸ್ತರು ದೇವಾಲಯದ ಸುತ್ತ ಕೊಂಬೆಗಳ ಚಪ್ಪರ ಕಟ್ಟಿ ಹಬ್ಬ ಮಾಡಲಿ ಎಂದರು. ಊರಿನ ಎಲೆ, ಊರಿನ ಚಪ್ಪರ ಸಾಕು ಎಂಬ ಆ ಒಪ್ಪಿಗೆ ನಮಗೆ ಬಹಳ ಇಷ್ಟ.

ಈ ಸಲ ಸಭಾಭವನದಲ್ಲಿ ದೊಡ್ಡ ಚಕ್ರ ತೂಗಿಸುವ ಮಾತು ನಡೆದಿದೆ. ಪ್ಲಾಸ್ಟಿಕ್ ಎಲೆ ತಂದರೆ ವರ್ಷಗಟ್ಟಲೆ ಬರುತ್ತದೆ ಎನ್ನುವವರಿದ್ದಾರೆ. ಖರ್ಚಿನ ಮಾತು ಸುಳ್ಳಲ್ಲ. ಆದರೆ ಕಾಸರಗೋಡಿನಲ್ಲಿ ಕೂತು ತೆಂಗಿನ ಗರಿಗೆ ಬರವೇ? ಎಳೆ ಗರಿಯ ಚೆಲುವು ಎರಡು ಮೂರು ದಿನ. ಮಾವಿನ ಸೊಪ್ಪು, ಗಾಳಿಮರದ ಕೊಂಬೆ ಸೇರಿಸಿ ಪ್ರತಿ ಶನಿವಾರ ಬದಲಿಸಿದರಾಯಿತು. ವಾರಕ್ಕೊಂದು ವಾಳೆಯವರು ಆ ಕೆಲಸ ವಹಿಸಿಕೊಳ್ಳಲಿ.

ಕಟ್ಟುವಾಗ ಸೊಪ್ಪು ಚಕ್ರದ ಅಂಚಿನಿಂದ ಕೆಳಗೆ ಇಳಿಯಲಿ, ಬತ್ತಿಗಳು ಮೇಲೆ ತಗಡಿನ ಬಟ್ಟಲಲ್ಲಿ ನಿಲ್ಲಲಿ. ಒಣಗಿದ ಎಲೆಗೆ ಕಿಡಿ ತಾಗಬಾರದು. ಸಮದೂರದಲ್ಲಿ ನಾಲ್ಕು ಹಗ್ಗ ಕಟ್ಟಿದರೆ ಚಕ್ರ ವಾಲದು. ಹಸಿ ಸೊಪ್ಪಿನ ಭಾರ ಊಹೆಗಿಂತ ಹೆಚ್ಚು, ಆದ್ದರಿಂದ ತೊಲೆಯ ಕೊಕ್ಕೆಯನ್ನು ಬಡಗಿಗೆ ಮೊದಲೇ ತೋರಿಸಬೇಕು. ರಾಟೆಯೂ ಬೇಕು: ಪ್ರತಿ ಸಂಜೆ ಚಕ್ರವನ್ನು ಕೆಳಗಿಳಿಸಿದರೆ, ದೊಡ್ಡವರು ಕೈ ಹಿಡಿದು ಭಾನುವಾರ ಶಾಲೆಯ ಪುಟ್ಟ ಮಗುವಿನಿಂದಲೇ ಆ ದಿನದ ಬತ್ತಿ ಹಚ್ಚಿಸಬಹುದು.