ಚೆರ್ನೋಬಿಲ್ ಅಪಘಾತವೂ ಜನಾರೋಗ್ಯವೂ: ಒಂದು ಚಾರಿತ್ರಿಕ ವಿವೇಚನೆ

ವಿಕಿರಣದಿಂದ ಉಂಟಾಗುವ ಹಾನಿಯನ್ನು ಕುರಿತು ವಿಚಾರಮಾಡುವವನಿಗೆ ಎದುರಾಗುವ ಮೊದಲನೆಯ ತೊಡಕೆಂದರೆ, ಆ ಹಾನಿಯ ಬಹುಭಾಗವು ತನ್ನದೇ ಆದ ಯಾವ ಲಾಂಛನವನ್ನೂ ಧರಿಸಿ ಬರುವುದಿಲ್ಲವೆಂಬುದು. ಅತ್ಯಧಿಕ ಪ್ರಮಾಣದ ವಿಕಿರಣಕ್ಕೆ ಈಡಾದವನು ಕೆಲವೇ ವಾರಗಳಲ್ಲಿ ಮಡಿದರೆ ಅದು ಪ್ರತ್ಯಕ್ಷ. ಆದರೆ ಅಲ್ಪಪ್ರಮಾಣಕ್ಕೆ ಈಡಾದ ಲಕ್ಷಾಂತರ ಜನರಲ್ಲಿ ಹತ್ತು ಇಪ್ಪತ್ತು ವರ್ಷಗಳ ತರುವಾಯ ತಲೆದೋರುವ ಅರ್ಬುದರೋಗವು, ಧೂಮಪಾನದಿಂದಲೋ ವಾರ್ಧಕ್ಯದಿಂದಲೋ ಬಂದ ಅರ್ಬುದರೋಗಕ್ಕಿಂತ ಭಿನ್ನವಾಗಿ ಕಾಣದ ಕಾರಣ, ಅದನ್ನು ಅನುಮಾನಪ್ರಮಾಣದಿಂದ, ಎಂದರೆ ಬೃಹತ್ ಸಮುದಾಯಗಳ ಅಂಕಿಅಂಶಗಳನ್ನು ದಶಕಗಳ ಕಾಲ ಹೋಲಿಸಿ ನೋಡುವುದರಿಂದ ಮಾತ್ರವೇ ಅರಿಯಬೇಕಾಗುತ್ತದೆ. 1986ರಲ್ಲಿ ಸೋವಿಯತ್ ಉಕ್ರೇನಿನ ಚೆರ್ನೋಬಿಲ್ ಪರಮಾಣು ಸ್ಥಾವರದಲ್ಲಿ ಸಂಭವಿಸಿದ ಅಪಘಾತದ ಆರೋಗ್ಯಪರಿಣಾಮಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಅತ್ಯಂತ ನಿಶ್ಚಿತವಾಗಿ ಸಿದ್ಧವಾದ ಹಾನಿಯೇ ಅತ್ಯಂತ ಸುಲಭವಾಗಿ ತಡೆಯಬಹುದಾಗಿದ್ದ ಹಾನಿಯೂ ಆಗಿತ್ತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಚೆರ್ನೋಬಿಲ್ಲಿಗೆ ಮುನ್ನ ವಿಕಿರಣವೈದ್ಯದ ತಿಳಿವಳಿಕೆಯು ಬಹುಮಟ್ಟಿಗೆ ಹಿರೋಷಿಮಾ ಮತ್ತು ನಾಗಸಾಕಿಗಳಿಂದ ಬಂದುದಾಗಿತ್ತು. ಅಣುಬಾಂಬಿನ ಸಂತ್ರಸ್ತರ ಅಧ್ಯಯನಕ್ಕಾಗಿ 1947ರಲ್ಲಿ ಸ್ಥಾಪಿತವಾದ ಆಯೋಗವು, 1950ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಸುಮಾರು 1,20,000 ಮಂದಿಯ ಆಯುರಾರೋಗ್ಯಗಳನ್ನು ಅನುಸರಿಸುತ್ತ ಬಂದು, ರಕ್ತದ ಅರ್ಬುದವು ಕೆಲವೇ ವರ್ಷಗಳಲ್ಲಿಯೂ ಇತರ ಅಂಗಗಳ ಅರ್ಬುದವು ಬಹುಕಾಲದ ಮೇಲೆಯೂ ಹೆಚ್ಚುವುದೆಂಬ ನಿಯಮವನ್ನು ಸ್ಥಾಪಿಸಿತು. ಆದರೆ ಅಲ್ಲಿ ವಿಕಿರಣವು ಕ್ಷಣಮಾತ್ರದಲ್ಲಿ ಹೊರಗಿನಿಂದ ದೇಹವನ್ನು ತಾಗಿತ್ತೇ ಹೊರತು ಅನ್ನಪಾನಗಳ ಮೂಲಕ ಒಳಹೊಕ್ಕಿರಲಿಲ್ಲ. ಚೆರ್ನೋಬಿಲ್ಲಿಗೆ ಹೆಚ್ಚು ಸಮೀಪವಾದ ಪೂರ್ವನಿದರ್ಶನವು ಬೇರೊಂದಿತ್ತು: 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ದ್ವೀಪದಲ್ಲಿ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯಿಂದ ಎದ್ದ ವಿಕಿರಣಧೂಳಿಯು ರೋಂಗೆಲಾಪ್ ದ್ವೀಪದ ಮೇಲೆ ಸುರಿದು, ಸುಮಾರು ಒಂಬತ್ತು ವರ್ಷಗಳ ತರುವಾಯ ಅಲ್ಲಿನ ಎಳೆಯರ ಥೈರಾಯಿಡ್ ಗ್ರಂಥಿಗಳಲ್ಲಿ ಗಂಟುಗಳು ಕಾಣತೊಡಗಿದ್ದುವು. ಹಿರೋಷಿಮಾದ ಮಹಾಗಣನೆಯ ಪ್ರಭಾವದ ಮುಂದೆ ಈ ಸಣ್ಣ ದ್ವೀಪದ ಪಾಠಕ್ಕೆ ದೊರೆಯಬೇಕಾಗಿದ್ದಷ್ಟು ಗಮನವು ದೊರೆಯಲಿಲ್ಲ.

1986ರ ಏಪ್ರಿಲ್ 26ರ ನಡುರಾತ್ರಿ ಕಳೆದು 1 ಗಂಟೆ 23 ನಿಮಿಷಕ್ಕೆ ಸ್ಥಾವರದ ನಾಲ್ಕನೆಯ ರಿಯಾಕ್ಟರು ಸಿಡಿಯಿತು. ಅದರ ಗರ್ಭದಿಂದ ಸುಮಾರು ಹತ್ತು ದಿನಗಳ ಕಾಲ ವಿಕಿರಣಶೀಲ ದ್ರವ್ಯಗಳು ವಾತಾವರಣಕ್ಕೆ ಹೊರಹೊಮ್ಮಿದುವು. ಸ್ಥಾವರದ ಕೆಲಸಗಾರರಲ್ಲಿಯೂ ಬೆಂಕಿ ಆರಿಸಲು ಬಂದವರಲ್ಲಿಯೂ 134 ಮಂದಿಗೆ ತೀವ್ರ ವಿಕಿರಣವ್ಯಾಧಿಯು ತಗುಲಿ, ಮಾಸ್ಕೋದ ಆರನೆಯ ಆಸ್ಪತ್ರೆಯಲ್ಲಿ ಆಂಜೆಲಿನಾ ಗುಸ್ಕೋವಾ ಮೊದಲಾದ ವೈದ್ಯರು ಅಸ್ಥಿಮಜ್ಜೆಯ ಕಸಿಯವರೆಗೆ ಸಕಲ ಪ್ರಯತ್ನಗಳನ್ನು ಮಾಡಿದರೂ, ಅವರಲ್ಲಿ 28 ಮಂದಿ ಕೆಲವೇ ತಿಂಗಳುಗಳಲ್ಲಿ ಅಸುನೀಗಿದರು. ಪಕ್ಕದ ಪ್ರಿಪ್ಯಾತ್ ನಗರದ ಸುಮಾರು 49,000 ನಿವಾಸಿಗಳನ್ನು ಮರುದಿನ ಮಧ್ಯಾಹ್ನ ತೆರವುಗೊಳಿಸಲಾಯಿತು. ಆದರೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಉಪಕರಣಗಳು ಏಪ್ರಿಲ್ 28ರಂದು ಗಾಳಿಯಲ್ಲಿನ ವಿಕಿರಣವನ್ನು ಪತ್ತೆಹಚ್ಚಿದ ಮೇಲೆಯೇ ಸೋವಿಯತ್ ಸರಕಾರವು ಅಪಘಾತದ ವಾರ್ತೆಯನ್ನು ಲೋಕಕ್ಕೆ ತಿಳಿಸಿತು.

ಈ ಮೌನದ ದಿನಗಳೇ ಆರೋಗ್ಯದ ದೃಷ್ಟಿಯಿಂದ ಅತ್ಯಂತ ನಿರ್ಣಾಯಕವಾದ ದಿನಗಳಾಗಿದ್ದುವು. ಹೊರಬಿದ್ದ ದ್ರವ್ಯಗಳಲ್ಲಿ ಸೀಸಿಯಂ-137ರ ಅರ್ಧಾಯುವು ಸುಮಾರು 30 ವರ್ಷಗಳಾದರೆ, ಅಯೋಡಿನ್-131ರ ಅರ್ಧಾಯುವು ಕೇವಲ 8 ದಿನಗಳು. ಹುಲ್ಲಿನ ಮೇಲೆ ಬಿದ್ದ ಅಯೋಡಿನ್ ಹಸುವಿನ ಹೊಟ್ಟೆಗೂ, ಅಲ್ಲಿಂದ ಹಾಲಿಗೂ, ಹಾಲಿನಿಂದ ಮಗುವಿನ ಥೈರಾಯಿಡ್ ಗ್ರಂಥಿಗೂ ಸೇರುತ್ತದೆ. ಗ್ರಂಥಿಯು ಕಿರಿದಾದಷ್ಟೂ ಅದರ ಪ್ರತಿಯೊಂದು ಕಣಕ್ಕೆ ತಗಲುವ ವಿಕಿರಣವು ಅಧಿಕ. ಬೆಲಾರೂಸಿನ ಗೋಮೆಲ್, ರಷ್ಯದ ಬ್ರಿಯಾನ್‌ಸ್ಕ್, ಉಕ್ರೇನಿನ ಉತ್ತರಭಾಗಗಳ ಆಹಾರದಲ್ಲಿ ಸಹಜವಾದ ಅಯೋಡಿನ್ನಿನ ಕೊರತೆಯಿದ್ದುದರಿಂದ ಅಲ್ಲಿನ ಮಕ್ಕಳ ಗ್ರಂಥಿಗಳು ಈ ವಿಷವನ್ನು ಮತ್ತಷ್ಟು ಆತುರದಿಂದ ಹೀರಿಕೊಂಡುವು. ಪ್ರಿಪ್ಯಾತಿನಲ್ಲಿ ಇದನ್ನು ತಡೆಯಲು ವಿಕಿರಣರಹಿತ ಅಯೋಡಿನ್ನಿನ ಮಾತ್ರೆಗಳನ್ನು ಹಂಚಿದ್ದರೂ, ಹಳ್ಳಿಗಾಡಿನ ಮನೆಮನೆಗಳಲ್ಲಿ ಮಕ್ಕಳು ತಮ್ಮ ಹಟ್ಟಿಯ ಹಸುವಿನ ಹಾಲನ್ನೇ ಕುಡಿಯುತ್ತಿದ್ದರು. ಇದಕ್ಕೆ ವ್ಯತಿರಿಕ್ತವಾಗಿ ಪೋಲೆಂಡ್ ದೇಶವು ಏಪ್ರಿಲ್ 29ರಿಂದ ಕೆಲವೇ ದಿನಗಳೊಳಗೆ ಒಂದು ಕೋಟಿಗೂ ಮಿಕ್ಕ ಮಕ್ಕಳಿಗೆ ಅಯೋಡಿನ್ ಕುಡಿಸಿ, ಅವರಿಗೆ ಹಸಿ ಹಾಲಿನ ಬದಲು ಹಾಲುಪುಡಿಯನ್ನು ಒದಗಿಸಿತು.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಆಶ್ರಯದಲ್ಲಿ, ಹಿರೋಷಿಮಾದ ಸಂಶೋಧನ ಪ್ರತಿಷ್ಠಾನದ ಇಟ್ಸುಜೋ ಶಿಗೆಮಾಟ್ಸು ಅವರ ಅಧ್ಯಕ್ಷತೆಯಲ್ಲಿ ನಡೆದ ಪರಿಶೋಧನೆಯು, ನೇರವಾಗಿ ವಿಕಿರಣಕ್ಕೆ ಆರೋಪಿಸಬಹುದಾದ ವ್ಯಾಧಿಗಳು ಕಂಡುಬರಲಿಲ್ಲವೆಂದು 1991ರಲ್ಲಿ ವರದಿಮಾಡಿತು. ಮರುವರ್ಷವೇ ಮಿನ್ಸ್ಕ್ ನಗರದ ಕಜಾಕೋವ್, ಡೆಮಿಡ್‌ಚಿಕ್, ಅಸ್ತಾಖೋವಾ ಎಂಬ ವೈದ್ಯರು 'ನೇಚರ್' ಪತ್ರಿಕೆಗೆ ಬರೆದ ಕಿರುಪತ್ರವು, ಬೆಲಾರೂಸಿನ ಮಕ್ಕಳಲ್ಲಿ 1986ರಿಂದ 1989ರವರೆಗೆ ವರ್ಷಕ್ಕೆ ಸರಾಸರಿ ನಾಲ್ಕರಂತೆ ಕಾಣುತ್ತಿದ್ದ ಥೈರಾಯಿಡ್ ಅರ್ಬುದವು 1991ರಲ್ಲಿ 55ಕ್ಕೆ ಏರಿತೆಂಬ ಸಂಗತಿಯನ್ನು ಹೊರಗೆಡಹಿತು. ರೋಗವು ಇಷ್ಟು ಬೇಗ ಬರಲಾರದೆಂದೂ, ಹೆಚ್ಚಾಗಿ ಹುಡುಕಿದ್ದರಿಂದಲೇ ಹೆಚ್ಚಾಗಿ ಸಿಕ್ಕಿತೆಂದೂ ಪಂಡಿತರು ಆಕ್ಷೇಪಿಸಿದರು. ಈ ಪೂರ್ವಪಕ್ಷಕ್ಕೆ ಸಮರ್ಪಕವಾದ ಸಮಾಧಾನವು 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು: ಗೋಮೆಲ್ ಪ್ರಾಂತದಲ್ಲಿ ಅಪಘಾತಕ್ಕೆ ಮುನ್ನ ಹುಟ್ಟಿದ್ದ 9,720 ಮಕ್ಕಳನ್ನು ಪರೀಕ್ಷಿಸಲಾಗಿ 31 ಮಕ್ಕಳಲ್ಲಿ ಅರ್ಬುದವು ಕಂಡುಬಂದರೆ, ಅಯೋಡಿನ್ ಸಂಪೂರ್ಣವಾಗಿ ನಶಿಸಿದ ಮೇಲೆ, 1987ರಿಂದ 1989ರೊಳಗೆ ಹುಟ್ಟಿದ 9,472 ಮಕ್ಕಳಲ್ಲಿ ಒಂದೂ ಸಿಕ್ಕಲಿಲ್ಲ. ಪರೀಕ್ಷೆಯ ವಿಧಾನವು ಎರಡು ಗುಂಪುಗಳಿಗೂ ಒಂದೇ ಆಗಿದ್ದುದರಿಂದ ಹುಡುಕಾಟದ ವಾದವು ಇಲ್ಲಿ ನಿಲ್ಲಲಾರದು. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಪ್ರಕಾರ, ಅಪಘಾತದ ಕಾಲದಲ್ಲಿ 18 ವರ್ಷಕ್ಕೆ ಕೆಳಗಿದ್ದವರಲ್ಲಿ 2015ರೊಳಗೆ 19,000ಕ್ಕೂ ಮಿಕ್ಕ ಥೈರಾಯಿಡ್ ಅರ್ಬುದಗಳು ದಾಖಲಾಗಿ, ಅವುಗಳಲ್ಲಿ ಸುಮಾರು ಕಾಲುಭಾಗವು ವಿಕಿರಣದಿಂದ ಬಂದುದೆಂದು ನಿರ್ಣಯಿಸಲ್ಪಟ್ಟಿದೆ. ಶಸ್ತ್ರಚಿಕಿತ್ಸೆಯ ಫಲವಾಗಿ ಮರಣಗಳು ವಿರಳವಾದರೂ, ಬದುಕಿದವರು ಜೀವಾವಧಿ ಹಾರ್ಮೋನ್ ಮಾತ್ರೆಗಳನ್ನು ಅವಲಂಬಿಸಬೇಕಾಯಿತು.

ಲಿಕ್ವಿಡೇಟರುಗಳೆಂದು ಕರೆಯಲ್ಪಟ್ಟ ಸುಮಾರು 6,00,000 ಶುಚಿಕಾರ್ಯದ ಯೋಧರೂ ಕಾರ್ಮಿಕರೂ, ಮಕ್ಕಳ ತರುವಾಯ, ವಿಕಿರಣಕ್ಕೆ ಈಡಾದವರ ಎರಡನೆಯ ವರ್ಗ. ಇವರಲ್ಲಿ ಉಕ್ರೇನಿನ 1,10,645 ಮಂದಿಯನ್ನು 20 ವರ್ಷಗಳ ಕಾಲ ಅನುಸರಿಸಿದ ಅಧ್ಯಯನವು 137 ರಕ್ತದ ಅರ್ಬುದಗಳನ್ನು ಗುರುತಿಸಿ, ವಿಕಿರಣದ ಪ್ರಮಾಣ ಏರಿದಂತೆ ರೋಗವೂ ಏರುವುದನ್ನು ತೋರಿಸಿತು. ಇವರ ಕಣ್ಣುಗಳಲ್ಲಿ ಪೊರೆಯು ನಿರೀಕ್ಷೆಗಿಂತ ಕಡಮೆ ವಿಕಿರಣಪ್ರಮಾಣಕ್ಕೇ ಕಂಡುಬಂದುದು, ಕಣ್ಣಿನ ಮಸೂರಕ್ಕೆ ಸಂಬಂಧಿಸಿದ ಅಪಾಯದ ಮಿತಿಯನ್ನು ವಿಕಿರಣರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು 2011ರಲ್ಲಿ 0.5 ಗ್ರೇಗೆ ಇಳಿಸಲು ಒಂದು ಆಧಾರವಾಯಿತು. ಮುಂದಿನ ಪೀಳಿಗೆಯ ವಿಷಯದಲ್ಲಿ ಮಾತ್ರ ಸಮಾಧಾನದ ವಾರ್ತೆಯಿದೆ: ವಿಕಿರಣಕ್ಕೆ ಈಡಾದ ತಂದೆತಾಯಿಗಳಿಗೆ 1987ರಿಂದ 2002ರೊಳಗೆ ಜನಿಸಿದ 130 ಮಕ್ಕಳ ಸಮಗ್ರ ವಂಶವಾಹಿಯನ್ನು ಓದಿ ನೋಡಿದ 2021ರ ಸಂಶೋಧನೆಯು, ಅವರಲ್ಲಿ ಹೊಸ ವಿಕೃತಿಗಳು ಸಾಮಾನ್ಯಕ್ಕಿಂತ ಹೆಚ್ಚಿಲ್ಲವೆಂದು ಕಂಡುಕೊಂಡಿತು.

ಇನ್ನು ಒಟ್ಟು ಮರಣಸಂಖ್ಯೆಯ ವಿವಾದ. ಅತ್ಯಧಿಕವಾಗಿ ಈಡಾದ 6,00,000 ಮಂದಿಯಲ್ಲಿ ಕಟ್ಟಕಡೆಗೆ 4,000 ಹೆಚ್ಚುವರಿ ಮರಣಗಳಾಗಬಹುದೆಂದು 2005ರ ಚೆರ್ನೋಬಿಲ್ ವೇದಿಕೆಯೂ, ಯೂರೋಪಿನಲ್ಲಿ 2065ರೊಳಗೆ ಸುಮಾರು 16,000 ಮರಣಗಳಾಗಬಹುದೆಂದು ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯೂ ಅಂದಾಜು ಮಾಡಿವೆ. ಇವೆರಡೂ ಹಿರೋಷಿಮಾದ ಸೂತ್ರಗಳನ್ನು ಬೇರೆ ಬೇರೆ ವಿಸ್ತಾರದ ಜನಸಮುದಾಯಗಳಿಗೆ ಅನ್ವಯಿಸಿ ಪಡೆದ ಅನುಮಾನಗಳಾದುದರಿಂದ ಪರಸ್ಪರ ವಿರುದ್ಧವೆನ್ನುವಂತಿಲ್ಲ. ಅನ್ಯಕಾರಣಗಳಿಂದ ಬರುವ ಲಕ್ಷಗಟ್ಟಲೆ ಅರ್ಬುದಮರಣಗಳ ನಡುವೆ ಇವನ್ನು ಬೇರ್ಪಡಿಸಿ ಎಣಿಸುವುದೂ ಸಾಧ್ಯವಲ್ಲ. ಭೀತಿಯಿಂದಾದ ಹಾನಿಯಾದರೋ ಕಲ್ಪಿತವಲ್ಲ. ಮಾನಸಿಕ ಆರೋಗ್ಯದ ಮೇಲಣ ಆಘಾತವನ್ನೇ ಆ ವೇದಿಕೆಯು ಅತಿದೊಡ್ಡ ಸಾರ್ವಜನಿಕ ಆರೋಗ್ಯಸಮಸ್ಯೆಯೆಂದು ಗಣಿಸಿತು. ವಿಕಿರಣವು ಅತ್ಯಲ್ಪವಾಗಿ ತಲಪಿದ ಗ್ರೀಸ್ ದೇಶದಲ್ಲಿ ಸಹ, ಹೆದರಿಕೆಯಿಂದಾಗಿ ಸುಮಾರು 2,500 ಬಯಸಿದ ಗರ್ಭಗಳನ್ನು ತೆಗೆಸಿಕೊಂಡರೆಂದು 1987ರ ಅಧ್ಯಯನವೊಂದು ಅಂದಾಜು ಮಾಡಿತು.

ಈ ಸಮೀಕ್ಷೆಯಿಂದ ನಿಷ್ಪನ್ನವಾಗುವ ನಿರ್ಣಯವು ಸ್ಪಷ್ಟವಾಗಿದೆ. ಅನುಮಾನದ ಸಂಖ್ಯೆಗಳನ್ನು ಕುರಿತು ಎಷ್ಟೇ ವಾದವಿವಾದಗಳು ನಡೆಯಲಿ, ಯಾರೂ ಅಲ್ಲಗಳೆಯಲಾರದ ಸಹಸ್ರಾರು ಮಕ್ಕಳ ವ್ಯಾಧಿಯು ಕೆಲವು ವಾರಗಳ ಹಾಲಿನಿಂದ ಬಂದುದು. ಆ ಹಾಲನ್ನು ಕುಡಿಸಬೇಡಿರೆಂದು ಹಳ್ಳಿಹಳ್ಳಿಗೂ ಸಾರಲು ಬೇಕಾಗಿದ್ದುದು ಸತ್ಯವನ್ನು ಆಡುವ ಮನಸ್ಸೊಂದೇ. ಪರಮಾಣು ಶಕ್ತಿಯನ್ನು ಆಶ್ರಯಿಸುವ ಯಾವ ರಾಷ್ಟ್ರವೇ ಆಗಲಿ, ಅಪಘಾತದ ಮೊದಲ ದಿನವೇ ಪ್ರಜೆಗಳಿಗೆ ನಿಜವನ್ನು ತಿಳಿಸುವ ಕಟ್ಟಳೆಯನ್ನು ಸ್ಥಾವರದ ಗೋಡೆಗಳಷ್ಟೇ ಭದ್ರವಾಗಿ ಕಟ್ಟಿಕೊಳ್ಳತಕ್ಕದ್ದು.