ಸೊನ್ನಲಿಗೆಯ ಕೆರೆ: ಅಂತರಂಗಶಾಂತಿ ಮತ್ತು ಲೋಕಕಾರ್ಯಗಳ ವಿವಾದದ ಚರಿತ್ರೆ

ಅಂತರಂಗದ ಶಾಂತಿಯನ್ನು ಅರಸುವವನ ಮಾರ್ಗಕ್ಕೂ ಲೋಕದ ಕಷ್ಟವನ್ನು ನೀಗಲು ಟೊಂಕಕಟ್ಟಿ ನಿಂತವನ ಮಾರ್ಗಕ್ಕೂ ಇರುವುದೆಂದು ಭಾವಿಸಲಾಗುವ ವಿರೋಧವು ಕನ್ನಡ ಸಾಹಿತ್ಯದಲ್ಲಿ ಅತ್ಯಂತ ತೀವ್ರವಾಗಿ ಪ್ರಕಟಗೊಂಡಿರುವುದು, 12ನೆಯ ಶತಮಾನದ ಶರಣರಾದ ಅಲ್ಲಮಪ್ರಭು ಮತ್ತು ಸೊನ್ನಲಿಗೆಯ (ಇಂದಿನ ಸೊಲ್ಲಾಪುರದ) ಸಿದ್ಧರಾಮರ ಸಮಾಗಮದ ಕಥೆಯಲ್ಲಿ. ಈ ಸಮಾಗಮವನ್ನು ನಿರೂಪಿಸುವ 15ನೆಯ ಶತಮಾನದ ಶೂನ್ಯಸಂಪಾದನೆಯನ್ನು ಮಾತ್ರ ಓದಿದವರಿಗೆ ಈ ವಿರೋಧವು ಶರಣರು ನೆರೆದಿದ್ದ ಕಲ್ಯಾಣದ ಕಾಲದಿಂದಲೇ ಬಂದುದೆಂದು ತೋರುವುದು ಸಹಜ. ಆದರೆ ಆಕರಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದಲ್ಲಿ ಅದು ಕ್ರಮೇಣ ರೂಪುಗೊಂಡುದೆಂಬುದು ಸ್ಪಷ್ಟವಾಗುತ್ತದೆ.

ಹಂಪೆಯ ಹರಿಹರನ ಸೋದರಳಿಯನಾದ ರಾಘವಾಂಕನು 13ನೆಯ ಶತಮಾನದಲ್ಲಿ ರಚಿಸಿದ ಸಿದ್ಧರಾಮಚಾರಿತ್ರವನ್ನು ಮೊದಲು ನೋಡೋಣ. ಕರು ಕಾಯುತ್ತಿದ್ದ ಹುಡುಗ ಸಿದ್ಧರಾಮನ ಬಳಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮನಾಗಿ ಬಂದು ಉಣಿಸು ಬೇಡುತ್ತಾನೆ. ಹುಡುಗನು ಮನೆಗೆ ಓಡಿಹೋಗಿ ಮೊಸರನ್ನವನ್ನು ಹಿಡಿದು ತಿರುಗಿ ಬರುವಷ್ಟರಲ್ಲಿ ಹೊಲದಲ್ಲಿ ಯಾರೂ ಇಲ್ಲ. ಮಲ್ಲಯ್ಯನನ್ನು ಕೂಗುತ್ತ, ಅಳುತ್ತ ಶ್ರೀಶೈಲದವರೆಗೂ ಹೋದ ಆ ಬಾಲಕನಿಗೆ ದರ್ಶನವಿತ್ತ ದೇವರು ಅವನನ್ನು ಗಿರಿಗಹ್ವರದಲ್ಲಿಯೇ ಉಳಿಸಿಕೊಳ್ಳದೆ, ಊರಿಗೆ ಮರಳಿ ಸೊನ್ನಲಿಗೆಯನ್ನೇ ಮತ್ತೊಂದು ಶ್ರೀಶೈಲವನ್ನಾಗಿಸೆಂದು ಕಳುಹುತ್ತಾನೆ. ಗುಡಿ ಕಟ್ಟಿಸುವುದೂ ಕೆರೆ ತೋಡಿಸುವುದೂ ಇಲ್ಲಿ ದರ್ಶನಕ್ಕೆ ವಿಘ್ನಗಳಲ್ಲ, ಅದರ ಫಲಗಳು. ಅಲ್ಲಮನು ಬಂದು ಇವನನ್ನು ತಿದ್ದಿದನೆಂಬ ಕಥೆಗೆ ಈ ಕಾವ್ಯದಲ್ಲಿ ಎಡೆಯಿಲ್ಲ. ಕಲ್ಯಾಣದಲ್ಲಿ ದೀಕ್ಷೆ ಪಡೆದ ವೃತ್ತಾಂತವೂ ಇಲ್ಲ. ಈ ಮೌನವನ್ನು ಕವಿಯ ಮರವೆಯೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ.

15ನೆಯ ಶತಮಾನಕ್ಕೆ ಬಂದರೆ ಚಿತ್ರವೇ ಬೇರೆ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರ ಪ್ರಭಾವವು ಪ್ರಬಲವಾಗಿದ್ದಾಗ ಚಾಮರಸನ ಪ್ರಭುಲಿಂಗಲೀಲೆಯೂ ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆಯೂ ಹುಟ್ಟಿದವು. ಈ ಎರಡನೆಯ ಕೃತಿಯನ್ನು ಮುಂದೆ ಮೂವರು ಪರಿಷ್ಕರಿಸಿದರು. ಅಲ್ಲಿ ಅಲ್ಲಮನು ಕೆರೆಯ ಕೆಲಸ ನಡೆಯುತ್ತಿರುವೆಡೆಗೆ ಬಂದು, ಸಿದ್ಧರಾಮನನ್ನು ಮಣ್ಣು ಅಗೆಯುವ ಒಡ್ಡರ ಹೆಸರಿನಿಂದ ಕೂಗಿ ಕೆಣಕುತ್ತಾನೆ. ತಮ್ಮ ಗುರುವಿಗಾದ ಅವಮಾನವನ್ನು ಸಹಿಸದ ಕೆಲಸದವರು ಅವನ ಮೇಲೆ ಕಲ್ಲು ಬೀರುತ್ತಾರೆ. ಸಿದ್ಧರಾಮನೇ ಉರಿಗಣ್ಣು ತೆರೆದು ಬರುತ್ತಾನೆ. ಶಾಂತಿಯ ಸಾಧಕನೆನಿಸಿದವನಲ್ಲಿ ಇಷ್ಟು ಕೋಪವಿರುವುದನ್ನು ಅವನಿಗೇ ಕಾಣಿಸುವುದೇ ಆ ಕೆಣಕಿನ ಉದ್ದೇಶವೆಂದು ನಾನು ತಿಳಿಯುತ್ತೇನೆ. ಅಲ್ಲಮನ ಆಕ್ಷೇಪವು ಜನರಿಗೆ ನೀರು ದೊರೆಯುವುದಕ್ಕಲ್ಲ, ಮಾಡಿದವನು ತಾನೆಂಬ ಕರ್ತೃತ್ವದ ಹಮ್ಮಿಗೆ. ಅದಲ್ಲದೆ ಸಿದ್ಧರಾಮನನ್ನು ಅವನು ಕರೆದೊಯ್ಯುವುದು ಅಡವಿಗಲ್ಲ, ಬಸವಣ್ಣನ ಕಲ್ಯಾಣಕ್ಕೆ. ಅರಸ ಬಿಜ್ಜಳನ ಭಂಡಾರವೂ ನಾನಾ ಕಾಯಕದವರ ಗೋಷ್ಠಿಯೂ ಕೂಡಿದ್ದ ಆ ತುಂಬಿದ ನಗರಕ್ಕೆ.

ಇದೇ ಗ್ರಂಥದ ನುಲಿಯ ಚಂದಯ್ಯನ ಪ್ರಸಂಗದಲ್ಲಿ ತಕ್ಕಡಿಯು ಮತ್ತೊಂದು ಕಡೆಗೆ ವಾಲುತ್ತದೆ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿರುವಾಗ ಕಳಚಿಬಿದ್ದ ಇಷ್ಟಲಿಂಗವನ್ನು ಚಂದಯ್ಯನು ಎತ್ತಿಕೊಳ್ಳದೆ ಕಾಯಕದಲ್ಲಿಯೇ ಮುಂದುವರಿಯುತ್ತಾನೆ. ಲಿಂಗವೇ ಅವನ ಬೆನ್ನುಹತ್ತಿ ಬರುತ್ತದೆ. ಮಡಿವಾಳ ಮಾಚಯ್ಯನು ನಡುವೆ ನಿಂತು ಇಬ್ಬರನ್ನೂ ಕೂಡಿಸಬೇಕಾಗುತ್ತದೆ. ವಿರಕ್ತರ ಆಶ್ರಯದಲ್ಲಿ ಬೆಳೆದ ಕೃತಿಯೊಂದು ದುಡಿಮೆಯ ಪಕ್ಷವನ್ನು ಇಷ್ಟು ಧೈರ್ಯದಿಂದ ಉಳಿಸಿಕೊಂಡಿರುವುದು ಅದರ ಸಂಪಾದಕರ ಸತ್ಯನಿಷ್ಠೆಗೆ ಸಾಕ್ಷಿ.

ಈ ವಾಙ್ಮಯವನ್ನು ಓಲೆಗರಿಗಳಿಂದ ಮುದ್ರಣಕ್ಕೆ ತಂದವರಲ್ಲಿ ಅಗ್ರಗಣ್ಯರಾದ ವಿಜಾಪುರದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಹೊರಬರುವುದಕ್ಕೆ ಹನ್ನೊಂದು ವರ್ಷ ಮೊದಲೇ, 1912ರಲ್ಲಿ, ಅವರು ತಮ್ಮೂರಿನಲ್ಲಿ ಸಹಕಾರಿ ಬ್ಯಾಂಕೊಂದನ್ನು ಸ್ಥಾಪಿಸಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಸಿದ್ಧೇಶ್ವರ. ಸೊಲ್ಲಾಪುರದ ಜನರು ಸಿದ್ಧರಾಮನನ್ನು ಇಂದಿಗೂ ಕರೆಯುವುದು ಆ ಹೆಸರಿನಿಂದಲೇ, ಅವನ ಗುಡಿಯಿರುವುದೂ ಆ ಕೆರೆಯಲ್ಲಿಯೇ.